ಇಪ್ಪತ್ತು ಅಂದೆ, ಎಪ್ಪತ್ತು ಹೋಯ್ತು! ಅಂಗಡಿಯಲ್ಲಿ ಹೇಳಿದ ಮಾತು ಹೇಳಿದ ಹಾಗೇ ತಲುಪಬೇಕು ಅಂದ್ರೆ ಏನು ಮಾಡಬೇಕು?

ಪೈಪಿನಂಗಡಿ | ಸೋಮವಾರ ರಾತ್ರಿ 9:42

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆಯಲ್ಲಿ ಪೈಪು, ಪಂಪ್‌ಸೆಟ್ಟು, ಡ್ರಿಪ್ ಸಾಮಾನಿನ ಹೋಲ್‌ಸೇಲ್ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಕೌಂಟರಿಗೆ ಇಬ್ಬರು, ಬಿಲ್ಲಿಂಗಿಗೆ ಒಬ್ಬ ಹುಡುಗ, ಗೋಡೌನಿನಲ್ಲಿ ನಾಲ್ವರು, ಡ್ರೈವರ್ ಇಬ್ಬರು. ನಾನೂ ಸೇರಿ 10 ಜನ. ದೊಡ್ಡ ಕಂಪನಿ ಏನಲ್ಲ.

ಹೋದ ವಾರ ಆದದ್ದು ಕೇಳಿ. ಜಗಳೂರು ಕಡೆಯ ರೈತರೊಬ್ಬರು ಫೋನ್ ಮಾಡಿ ನಾಲ್ಕಿಂಚಿನ ಪಿವಿಸಿ ಪೈಪು 20 ಲೆಂತ್ ಕಳಿಸಿ ಅಂದರು. ನಾನು ಆಗ ಹರಿಹರದಿಂದ ಕಾರಲ್ಲಿ ಬರುತ್ತಿದ್ದೆ. ಅಲ್ಲಿಂದಲೇ ಗೋಡೌನಿಗೆ ಫೋನ್ ಹಚ್ಚಿ "ನಾಲ್ಕಿಂಚು, ಇಪ್ಪತ್ತು, ನಾಳೆ ಬೆಳಿಗ್ಗೆ" ಅಂದೆ. "ಹ್ಞೂಂ ಅಣ್ಣ" ಅಂದ ಅಲ್ಲಿನ ಹುಡುಗ. ಬೆಳಿಗ್ಗೆ ಹೋಗಿದ್ದು ಎಪ್ಪತ್ತು. ಒಂದು ಲೆಂತ್ ಅಂದರೆ 6 ಮೀಟರ್. 120 ಮೀಟರ್ ಕೇಳಿದವರ ಹೊಲದಲ್ಲಿ 420 ಮೀಟರ್ ಪೈಪು ಇಳಿಸಿ ಬಂದಿದ್ದಾರೆ.

ಇದೇ ಮೊದಲಲ್ಲ. ಅದರ ಹಿಂದೆ 5 ಹೆಚ್‌ಪಿ ಮೋಟಾರಿನ ಜೊತೆ ಏಳೂವರೆಯ ಸ್ಟಾರ್ಟರ್ ಹೋಗಿತ್ತು. ವಾಟ್ಸಾಪಿನಲ್ಲಿ ಡಿಸ್ಪ್ಯಾಚ್ ಗ್ರೂಪ್ ಅಂತ ಮಾಡಿದ್ದೇನೆ. ಅದರಲ್ಲಿ ಆರ್ಡರಿಗಿಂತ ಗುಡ್ ಮಾರ್ನಿಂಗ್ ಹೂವೇ ಜಾಸ್ತಿ. ಎಷ್ಟು ಬಾಯಿ ಬಡಿದುಕೊಂಡರೂ ಇವರ ತಲೆಗೆ ಹೋಗುತ್ತಿಲ್ಲ.

ಇದಕ್ಕೆ ಯಾವುದಾದರೂ ಆ್ಯಪ್ ಇದೆಯಾ? ಇಲ್ಲಾ ತಪ್ಪು ಮಾಡಿದವನ ಸಂಬಳದಲ್ಲಿ ಹಿಡಿದರೆ ಸರಿಹೋಗುತ್ತಾ? ಅನುಭವ ಇದ್ದವರು ಹೇಳಿ.

ಹದಡಿ ರೋಡ್ ಹುಡುಗ | 9:51

ಸಂಬಳದಲ್ಲಿ ಹಿಡೀರಿ ಅಣ್ಣ. ಎರಡು ಸಲ ಹಿಡಿದರೆ ಮೂರನೇ ಸಲ ಕಿವಿ ತಾನೇ ನೆಟ್ಟಗಾಗುತ್ತೆ.

ಮಂಡಿಪೇಟೆ ಮಾವ | 9:55

ಅದೆಲ್ಲ ಇರಲಿ, ಆ ರೈತರು ಏನಂದರು?

ಪೈಪಿನಂಗಡಿ | 10:02

"ಊರಿಗೆಲ್ಲ ನೀರು ಬಿಡೋಕೆ ಹೊರಟೀರೇನ್ರಿ ಸಾವ್ಕಾರ್ರೆ" ಅಂದರು. ಒಳ್ಳೆಯ ಮನುಷ್ಯ, ನಕ್ಕರು. ಆದರೆ 50 ಲೆಂತ್ ಇನ್ನೂ ಅವರ ಹೊಲದಲ್ಲೇ ಬಿದ್ದಿದೆ. ವಾಪಸ್ ತರುವ ಗಾಡಿ ಬಾಡಿಗೆ, ಹಮಾಲಿ ಎಲ್ಲ ನನ್ನ ತಲೆಗೆ.

ದುರ್ಗದ ಸಿಸ್ಟರ್ | 10:10

ನಾನು ಚಿತ್ರದುರ್ಗದಲ್ಲಿ ಸ್ಟಾಫ್ ನರ್ಸ್. ನಿಮ್ಮ ಪೋಸ್ಟ್ ಓದಿ ನಗು ಬಂತು, ಆಮೇಲೆ ಸ್ವಲ್ಪ ಭಯವೂ ಆಯಿತು. ನಮ್ಮಲ್ಲಿ ಇಪ್ಪತ್ತು ಎಪ್ಪತ್ತು ಆದರೆ ಏನಾಗುತ್ತೆ ಅಂತ ನೀವೇ ಯೋಚಿಸಿ.

ಡಾಕ್ಟರು ರಾತ್ರಿ ಫೋನಿನಲ್ಲಿ ಔಷಧಿ ಹೇಳಿದರೆ ನಾವು "ಸರಿ ಡಾಕ್ಟ್ರೇ" ಅಂತ ಇಟ್ಟುಬಿಡುವ ಹಾಗಿಲ್ಲ. ಮೊದಲು ಬರೆದುಕೊಳ್ಳಬೇಕು. ಬರೆದದ್ದನ್ನು ಅವರಿಗೆ ತಿರುಗಿ ಓದಬೇಕು. ಅವರು "ಹೌದು" ಅನ್ನಬೇಕು. ಆಮೇಲೆಯೇ ಇಂಜೆಕ್ಷನ್. ಫಿಫ್ಟೀನ್, ಫಿಫ್ಟಿ ಎರಡೂ ಫೋನಿನಲ್ಲಿ ಒಂದೇ ಥರ ಕೇಳಿಸುತ್ತೆ ಅಂತ "ಒನ್ ಫೈವ್" ಅಂತ ಬಿಡಿಸಿ ಹೇಳುತ್ತೇವೆ. ಕನ್ನಡದ ಇಪ್ಪತ್ತು ಎಪ್ಪತ್ತಿಗೂ ಅದೇ ರೋಗ, ಅದೇ ಮದ್ದು. "ಎರಡು ಸೊನ್ನೆ, ಇಪ್ಪತ್ತು" ಅನ್ನಿ.

ನಿಮ್ಮ ಹುಡುಗ "ಹ್ಞೂಂ ಅಣ್ಣ" ಅಂದ ಅಂದಿರಿ. ಆ ಹ್ಞೂಂ ಯಾವುದಕ್ಕೆ? ಇಪ್ಪತ್ತಕ್ಕೋ ಎಪ್ಪತ್ತಕ್ಕೋ? ನಿಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ.

ಹದಡಿ ರೋಡ್ ಹುಡುಗ | 10:14

ಸಿಸ್ಟರ್, ಇದು ಪೈಪಿನ ಅಂಗಡಿ, ಆಪರೇಷನ್ ಥಿಯೇಟರ್ ಅಲ್ಲ.

ದುರ್ಗದ ಸಿಸ್ಟರ್ | 10:17

ಥಿಯೇಟರ್ ಮಾತು ತೆಗೆದದ್ದಕ್ಕೆ ಹೇಳುತ್ತೇನೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್‌ಗೆ ಅಂತಲೇ 19 ಅಂಶದ ಒಂದು ಪಟ್ಟಿ ಮಾಡಿತು. ಅದರಲ್ಲಿ ಒಂದು ಏನು ಗೊತ್ತಾ? ಕೊಯ್ಯುವ ಮೊದಲು ಅಲ್ಲಿರುವ ಎಲ್ಲರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಿಕೊಳ್ಳಬೇಕು. ಮೊದಲು ನನಗೂ ಇದೇನು ಶಾಲೆಯ ಆಟ ಅನ್ನಿಸಿತ್ತು. ಆದರೆ ಒಂದು ಸಲ ಬಾಯಿ ಬಿಟ್ಟು ಹೆಸರು ಹೇಳಿದವಳಿಗೆ, ಆಮೇಲೆ "ಡಾಕ್ಟ್ರೇ, ಒಂದು ನಿಮಿಷ" ಅನ್ನುವುದು ಅಷ್ಟು ಕಷ್ಟ ಆಗುವುದಿಲ್ಲ. ಗೋಡೌನಿನಲ್ಲಿ ಹುಡುಗರು ಬಾಯಿ ಬಿಡುತ್ತಾರಾ, ಅದನ್ನು ನೋಡಿ ಮೊದಲು.

ಗೇಟಿನ ತಾತ | 10:40

ನಾನು ರೈಲ್ವೆಯಲ್ಲಿ ಇದ್ದವನು, ಈಗ ರಿಟೈರ್. ನಿದ್ದೆ ಬಾರದ ಹೊತ್ತು, ಅದಕ್ಕೇ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆ ನರ್ಸಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ರೈಲ್ವೆಯಲ್ಲಿ ಇಂಟರ್‌ಲಾಕ್ ಇಲ್ಲದ ಗೇಟು ಅಂತ ಇರುತ್ತವೆ. ಅಂದರೆ ಗೇಟು ತೆರೆದಿದ್ದರೆ ಸಿಗ್ನಲ್ ತಾನಾಗಿ ತಡೆಯುವ ವ್ಯವಸ್ಥೆ ಅಲ್ಲಿಲ್ಲ. ಅಲ್ಲಿ ಎಲ್ಲ ನಡೆಯುವುದು ಫೋನಿನ ಮಾತಿನ ಮೇಲೆ. ಸ್ಟೇಷನ್ ಮಾಸ್ಟರ್ ಗೇಟ್‌ಮನ್‌ಗೆ ಫೋನ್ ಮಾಡಿ ಇಂಥ ನಂಬರಿನ ಗಾಡಿ ಬರುತ್ತಿದೆ, ಗೇಟು ಹಾಕು ಅಂತಾರೆ. ಅವನು ಗೇಟು ಹಾಕಿ ಬೀಗ ಜಡಿದು ಬಂದು, ಒಂದು ನಂಬರ್ ಹೇಳಬೇಕು. ಅದಕ್ಕೆ ಪ್ರೈವೇಟ್ ನಂಬರ್ ಅನ್ನುತ್ತೇವೆ. ಅವನ ಹತ್ತಿರ ಇರುವ ಹಾಳೆಯಲ್ಲಿ ಅಡ್ಡಾದಿಡ್ಡಿ ನಂಬರು ಇರುತ್ತವೆ. ಒಂದೊಂದನ್ನೇ ಬಳಸಿ ಹೊಡೆದುಹಾಕುತ್ತಾ ಹೋಗಬೇಕು. ಮುಂದಿನ ನಂಬರ್ ಏನು ಅಂತ ಮಾಸ್ಟರಿಗೆ ಗೊತ್ತಿರುವುದಿಲ್ಲ, ಊಹಿಸುವುದಕ್ಕೂ ಆಗುವುದಿಲ್ಲ. ಏಳು ಐದು, ಎಪ್ಪತ್ತೈದು ಅಂತ ಬಿಡಿಸಿ ಹೇಳಬೇಕು. ಇಬ್ಬರೂ ರಿಜಿಸ್ಟರಿನಲ್ಲಿ ಬರೆಯಬೇಕು. ಅದಾದ ಮೇಲೇ ಗಾಡಿಗೆ ಸಿಗ್ನಲ್.

ಇದರ ಮರ್ಮ ಏನು? "ಹಾಕ್ತೀನಿ ಸಾರ್" ಅನ್ನೋದು ಬೇರೆ, "ಹಾಕಿದೆ ಸಾರ್" ಅನ್ನೋದು ಬೇರೆ. ನಂಬರ್ ಕೊಟ್ಟ ಅಂದರೆ ಹಾಕಿದ್ದಾನೆ ಅಂತ. ನಿಮ್ಮ ಹುಡುಗನ ಹ್ಞೂಂ ಎರಡರಲ್ಲಿ ಒಂದೂ ಅಲ್ಲ.

ಹಿಂದೆ ಸಿಂಗಲ್ ಲೈನಿನಲ್ಲಿ ಇನ್ನೂ ಕಟ್ಟುನಿಟ್ಟು. ಟೋಕನ್ ಅಂತ ಕಬ್ಬಿಣದ ಗುಂಡು. ಅದು ಡ್ರೈವರ್ ಕೈಗೆ ಬಂದರೆ ಮಾತ್ರ ಮುಂದಿನ ಸ್ಟೇಷನ್ ತನಕ ಹೋಗಬಹುದು. ಎರಡು ಸ್ಟೇಷನ್ ನಡುವೆ ಒಂದು ಹೊತ್ತಿಗೆ ಒಂದೇ ಗುಂಡು ಹೊರಗೆ ಬರುತ್ತಿತ್ತು. ಮಾಸ್ಟರು ಬಾಯಲ್ಲಿ "ಹೋಗಪ್ಪಾ" ಅಂದರೂ ಗುಂಡು ಇಲ್ಲದೆ ಗಾಡಿ ಅಲ್ಲಾಡುವುದಿಲ್ಲ. ನಿಮ್ಮ ಗೋಡೌನಿಗೂ ಅಂಥದ್ದೊಂದು ಗುಂಡು ಬೇಕು. ಚೀಟಿಯೇ ಸಾಕು. ಚೀಟಿ ಇಲ್ಲದೆ ಪೈಪು ಹೊರಗೆ ಬರಬಾರದು. ಸಾವ್ಕಾರ್ರೇ ಫೋನ್ ಮಾಡಿದರೂ ಸರಿ.

ಮಂಡಿಪೇಟೆ ಮಾವ | 10:48

ತಾತ, ಗೇಟಿನ ವಿಷಯ ತೆಗೆದಿರಿ. ಅಶೋಕ ಟಾಕೀಸ್ ಗೇಟಿನಲ್ಲಿ ನಿಂತು ನಿಂತು ನನ್ನ ಅರ್ಧ ಆಯಸ್ಸು ಹೋಗಿದೆ. ಅದರ ಲೆಕ್ಕ ಯಾರ ರಿಜಿಸ್ಟರಿನಲ್ಲಿದೆ?

ಗೇಟಿನ ತಾತ | 10:50

ನಿಂತಿದ್ದಕ್ಕೇ ಉಳಿದರ್ಧ ಆಯಸ್ಸು ಉಳಿದಿದೆ.

ಬೆಂಗಳೂರಿನಲ್ಲಿರೋ ದಾವಣಗೆರೆಯವ | 11:05

ತಾತ, ಸೂಪರ್. ಆದರೆ ಕಾಗದ ಚೀಟಿ ಎಲ್ಲ ಯಾಕೆ? ಟ್ರೆಲ್ಲೋ ಅಂತ ಒಂದು ಆ್ಯಪ್ ಇದೆ, ಫ್ರೀ. ಪ್ರತಿ ಆರ್ಡರಿಗೆ ಒಂದು ಕಾರ್ಡ್. ಬಂತು, ಪ್ಯಾಕ್ ಆಯ್ತು, ಹೋಯ್ತು ಅಂತ ಮೂರು ಕಾಲಮ್. ಎಲ್ಲರ ಮೊಬೈಲಿನಲ್ಲೂ ಕಾಣುತ್ತೆ. ನಮ್ಮ ಆಫೀಸಿನಲ್ಲಿ ಹಂಗೇ ಮಾಡೋದು, ದಿನಾ ಬೆಳಿಗ್ಗೆ 15 ನಿಮಿಷ ನಿಂತುಕೊಂಡೇ ಮೀಟಿಂಗ್.

ಹೊಲಿಗೆ ಮಷಿನ್ | 11:09

15 ನಿಮಿಷದ ಮೀಟಿಂಗ್ 15 ನಿಮಿಷಕ್ಕೆ ಮುಗಿಯುತ್ತಾ? ದೇವರಾಣೆ ಹೇಳಿ.

ಬೆಂಗಳೂರಿನಲ್ಲಿರೋ ದಾವಣಗೆರೆಯವ | 11:11

...45.

ಪೈಪಿನಂಗಡಿ | 11:15

ತಮ್ಮಾ, ಗೋಡೌನಿನಲ್ಲಿ ಇಬ್ಬರ ಹತ್ತಿರ ಕೀಪ್ಯಾಡ್ ಫೋನು. ಕೈಯೆಲ್ಲ ಧೂಳು, ಗ್ರೀಸು. ಅಲ್ಲಿ ಕಾರ್ಡ್ ಎಳೆಯೋರು ಯಾರು? ಆದರೂ ನೋಡುತ್ತೇನೆ.

ಟ್ಯಾಲಿ ಅಕ್ಕ | ಮಂಗಳವಾರ ಬೆಳಿಗ್ಗೆ 7:20

ರಾತ್ರಿಯೆಲ್ಲ ರೈಲು ಓಡಿಸಿದ್ದೀರಿ, ಒಬ್ಬರಾದರೂ ಲೆಕ್ಕ ಕೇಳಿಲ್ಲ.

ನಾನು ಮೂರು ಅಂಗಡಿಯ ಅಕೌಂಟ್ಸ್ ನೋಡುವವಳು. ಅಣ್ಣಾ, ನಾಲ್ಕಿಂಚಿನ ಪೈಪು 70 ಲೆಂತ್ ಅಂದರೆ ಬಿಲ್ 50,000 ದಾಟಿರಲೇಬೇಕು. ದಾಟಿದರೆ ಈ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಜಿಎಸ್‌ಟಿ ಚೀಟಿ ಬೇಕು. ಕರ್ನಾಟಕದಲ್ಲಿ ರಾಜ್ಯದೊಳಗೇ ಸಾಗಿಸುವುದಕ್ಕೂ ಏಪ್ರಿಲ್ 2018ರಿಂದಲೇ ಅದು ಇದೆ. ಅಂದರೆ ನಿಮ್ಮ ಬಿಲ್ಲಿಂಗ್ ಹುಡುಗ 70 ಅಂತ ಟೈಪ್ ಮಾಡಿದ್ದಾನೆ, ಮೊತ್ತ ನೋಡಿದ್ದಾನೆ, ಗಾಡಿ ನಂಬರ್ ಹಾಕಿದ್ದಾನೆ. 20 ಲೆಂತ್ ಆದರೆ ಲಗೇಜ್ ಆಟೋದಲ್ಲೇ ಕಟ್ಟಿ ಕಳಿಸುತ್ತಿದ್ದಿರಿ ಅಲ್ವಾ? 70 ಆದ್ದರಿಂದ ದೊಡ್ಡ ಗಾಡಿ ಹೋಗಿರಬೇಕು. ಡ್ರೈವರಿಗೂ ಗೊತ್ತು.

ಒಬ್ಬನ ಕಿವಿ ತಪ್ಪಿತು, ಒಪ್ಪೋಣ. ಮಿಕ್ಕವರ ಕಣ್ಣು ಏನು ಮಾಡುತ್ತಿತ್ತು? ಅವರನ್ನು ಕೇಳಿದ್ದೀರಾ? ಬೈಯುವುದಲ್ಲ, ಕೇಳುವುದು.

ಮೆಕ್ಕೆಜೋಳ | 8:05

ಅಕ್ಕನ ಪ್ರಶ್ನೆ ಈಟಿ ಚುಚ್ಚಿದಂಗೆ ಇದೆ.

ನಾನು ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿ ಇಟ್ಟಿದ್ದೇನೆ. ನಮ್ಮಲ್ಲಿ ಚೀಲ ಎಣಿಸುವುದು ನೋಡಿದ್ದೀರಾ? ಒಂದು ಅನ್ನುವುದಿಲ್ಲ, "ಲಾಭ" ಅಂತ ಶುರು. ಗಟ್ಟಿಯಾಗಿ ಕೂಗಿ ಎಣಿಸುತ್ತಾರೆ. ಹಮಾಲಿ ಕೂಗುವುದನ್ನು ಗುಮಾಸ್ತ ಕೇಳುತ್ತಾನೆ, ರೈತ ಕೇಳುತ್ತಾನೆ, ಸುಮ್ಮನೆ ನಿಂತ ಪಕ್ಕದ ಅಂಗಡಿಯವನೂ ಕೇಳುತ್ತಾನೆ. ಒಂದು ತಪ್ಪಿದರೆ ನಾಲ್ಕು ಬಾಯಿ ಒಟ್ಟಿಗೆ "ಏಯ್" ಅನ್ನುತ್ತವೆ. ನಿಮ್ಮ ಗೋಡೌನಿನಲ್ಲಿ ಪೈಪು ಏರಿಸುವಾಗ ಕೂಗಿ ಎಣಿಸುತ್ತಾರಾ, ಒಳಗೊಳಗೇ ಎಣಿಸುತ್ತಾರಾ?

ಖಾಲಿ ದೋಸೆ | 8:30

ದೋಸೆ ಹೋಟೆಲಿನಲ್ಲೂ ಅದೇ. "ಎರಡು ಬೆಣ್ಣೆ, ಒಂದು ಖಾಲಿ" ಅಂತ ಸಪ್ಲೈಯರ್ ಕೂಗಿದರೆ ಒಲೆ ಮುಂದಿರುವ ಭಟ್ಟ ತಿರುಗಿ ಕೂಗುತ್ತಾನೆ. ಸೌದೆ ಒಲೆ ಉರಿ, ಕಾವಲಿ ಸದ್ದು, ಜನರ ಗಲಾಟೆ. ಅಷ್ಟರಲ್ಲೂ ಆರ್ಡರ್ ತಪ್ಪುವುದು ಕಡಿಮೆ. ಚೀಟಿಯೂ ಇಲ್ಲ, ಆ್ಯಪೂ ಇಲ್ಲ.

ಮಂಡಿಪೇಟೆ ಮಾವ | 8:34

ಸುಳ್ಳು. ಹೋದ ಭಾನುವಾರ ಖಾಲಿ ಕೇಳಿದ್ದಕ್ಕೆ ಓಪನ್ ತಂದಿಟ್ಟರು.

ಖಾಲಿ ದೋಸೆ | 8:36

ವಾಪಸ್ ಕಳಿಸಿದಿರಾ?

ಮಂಡಿಪೇಟೆ ಮಾವ | 8:37

ಯಾಕೆ ಕಳಿಸಲಿ, ಬೆಣ್ಣೆ ಹಾಕಿದ್ದರು.

ಪೈಪಿನಂಗಡಿ | ಮಂಗಳವಾರ ರಾತ್ರಿ 9:15

ಟ್ಯಾಲಿ ಅಕ್ಕ, ನೀವು ಹೇಳಿದ್ದು ಓದಿ ಬೆಳಿಗ್ಗೆ ಸಿಟ್ಟು ಬಂದಿತ್ತು. ಮಧ್ಯಾಹ್ನ ಬಿಲ್ಲಿಂಗ್ ಹುಡುಗನನ್ನು ಕರೆದು ಟೀ ತರಿಸಿ ಕೇಳಿದೆ. ಬಿಲ್ 80,000 ದಾಟಿತ್ತು. ಅವನಿಗೆ ಅನುಮಾನ ಬಂದಿತ್ತಂತೆ. "ಆ ಯಜಮಾನ್ರು ಯಾವತ್ತೂ 25ಕ್ಕಿಂತ ಮೇಲೆ ತಗೊಂಡಿಲ್ಲ ಅಣ್ಣ" ಅಂದ. ಮತ್ತೆ ಯಾಕೋ ಕೇಳಲಿಲ್ಲ ಅಂದೆ. ಸ್ವಲ್ಪ ಹೊತ್ತು ಲೋಟ ನೋಡುತ್ತಾ ಕೂತ. ಆಮೇಲೆ ಹೇಳಿದ. ಒಂದು ತಿಂಗಳ ಹಿಂದೆ ಯಾವುದೋ ಚನ್ನಗಿರಿ ಅಡಿಕೆ ತೋಟದ ಡ್ರಿಪ್ ಆರ್ಡರಿಗೆ "ಅಣ್ಣ, ಇದು ಕರೆಕ್ಟಾ?" ಅಂತ ಫೋನ್ ಮಾಡಿದ್ದನಂತೆ. ನಾನು ಕಸ್ಟಮರ್ ಮುಂದೆಯೇ "ಹೇಳಿದಷ್ಟು ಮಾಡೋ, ನಿನ್ನ ತಲೆ ಓಡಿಸಬೇಡ" ಅಂದಿದ್ದೆನಂತೆ.

ನನಗೆ ನೆನಪೇ ಇಲ್ಲ. ಅವನಿಗೆ ಆ ದಿನ ನಾನು ಹಾಕಿದ್ದ ಶರ್ಟಿನ ಬಣ್ಣ ಕೂಡ ನೆನಪಿದೆ.

ಡ್ರೈವರ್ ಇನ್ನೂ ನೇರ. "ಲೋಡ್ ಮಾಡಿದ್ರು, ಹೊತ್ಕೊಂಡು ಹೋದೆ. ಕೇಳಿದ್ರೆ ಬೈತೀರಿ, ಕೇಳದಿದ್ರೂ ಬೈತೀರಿ. ಕೇಳದಿದ್ರೆ ಲೇಟಾಗಿ ಬೈತೀರಿ" ಅಂದ.

ಹೊಲಿಗೆ ಮಷಿನ್ | 9:28

ನಿಮ್ಮ ಡ್ರೈವರಿಗೆ ಒಂದು ಮಿರ್ಚಿ ಮಂಡಕ್ಕಿ ನನ್ನ ಲೆಕ್ಕದಲ್ಲಿ ಕೊಡಿಸಿ.

ಅಣ್ಣಾ, ನಾನು ರೆಡಿಮೇಡ್ ಬಟ್ಟೆ ಹೊಲಿಯುವ ಕಡೆ ಕೆಲಸ ಮಾಡಿದವಳು. ಎಲ್ಲಿ ಅಂತ ಬೇಡ. ನಮ್ಮ ಸೂಪರ್‌ವೈಸರ್ ಬೆಳಿಗ್ಗೆ ಬಂದು ಪಟಪಟ ಅಂತ ಹೇಳಿ, ಕೊನೆಗೆ "ಗೊತ್ತಾಯ್ತಾ?" ಅನ್ನುತ್ತಿದ್ದರು. 30 ಜನ ಒಟ್ಟಿಗೆ "ಗೊತ್ತಾಯ್ತು ಸಾರ್". ನಾನೊಬ್ಬಳು ಎದ್ದು "ಇಲ್ಲ" ಅಂದರೆ ದಡ್ಡಿ ಅನ್ನಿಸಿಕೊಳ್ಳಬೇಕು. ಅವರು ಅತ್ತ ಹೋದ ಮೇಲೆ ಪಕ್ಕದವಳನ್ನು "ಕಾಲರ್ ಯಾವುದಂದ್ರು?" ಅಂತ ಕೇಳುವುದು. ಅವಳಿಗೂ ಗೊತ್ತಿಲ್ಲ, ಅವಳು ಅವಳ ಪಕ್ಕದವಳನ್ನು. ಹೀಗೆ ಸಾಲಿನ ತುದಿ ಮುಟ್ಟುವ ಹೊತ್ತಿಗೆ ಕಾಲರ್ ಹೋಗಿ ಕಫ್ ಆಗಿರುತ್ತಿತ್ತು. ಒಂದು ಸಲ ಇಡೀ ದಿನದ ಹೊಲಿಗೆ ಬಿಚ್ಚಿದ್ದೇವೆ.

ಆಮೇಲೆ ಬಂದ ಮೇಡಂ ಒಂದೇ ಬದಲಾವಣೆ ಮಾಡಿದರು. "ಗೊತ್ತಾಯ್ತಾ?" ಅನ್ನೋದು ಬಿಟ್ಟರು. "ಈಗ ನೀನು ಮೊದಲು ಏನು ಮಾಡ್ತೀಯ, ಹೇಳು ನೋಡೋಣ" ಅನ್ನುತ್ತಿದ್ದರು. ನಾವು ತಪ್ಪು ಹೇಳಿದರೆ "ನಾನು ಸರಿಯಾಗಿ ಹೇಳಲಿಲ್ಲ ಅನ್ಸುತ್ತೆ" ಅಂತ ಮತ್ತೆ ಹೇಳೋರು. ಅಷ್ಟೇ. ಹೊಲಿದು ತೋರಿಸಿದ ಒಂದು ಪೀಸನ್ನು ಎಲ್ಲರಿಗೂ ಕಾಣುವ ಹಾಗೆ ತೂಗು ಹಾಕುತ್ತಿದ್ದರು. ಅನುಮಾನ ಬಂದರೆ ಎದ್ದು ಹೋಗಿ ನೋಡುವುದು.

ಹದಡಿ ರೋಡ್ ಹುಡುಗ | 9:35

ಎಲ್ಲ ಸೇರಿ ಅಣ್ಣನ ಮೇಲೇ ತಿರುಗಿಬಿದ್ದಿರಿ. ತಪ್ಪು ಮಾಡಿದ ಗೋಡೌನಿನವನಿಗೆ ಏನೂ ಇಲ್ವಾ? ಸಂಬಳದಲ್ಲಿ ಹಿಡಿಯೋದು ತಪ್ಪೇನಿಲ್ಲ.

ಟ್ಯಾಲಿ ಅಕ್ಕ | 9:41

ತಪ್ಪಿದೆ. ನಷ್ಟ ಆಯಿತು ಅಂತ ಮನಸ್ಸಿಗೆ ಬಂದಷ್ಟು ಸಂಬಳದಲ್ಲಿ ಹಿಡಿಯುವ ಹಾಗಿಲ್ಲ. ಅವನ ಮಾತು ಕೇಳುವುದಕ್ಕೆ ಮೊದಲು ಅವಕಾಶ ಕೊಡಬೇಕು ಅಂತ ಕಾನೂನೇ ಇದೆ. ಕಾನೂನು ಬಿಡು, ಲೆಕ್ಕ ನೋಡು. ಒಂದು ಸಲ ದುಡ್ಡು ಹಿಡಿದರೆ ಮುಂದಿನ ತಪ್ಪನ್ನು ಯಾರೂ ಹೇಳುವುದಿಲ್ಲ, ಮುಚ್ಚಿಡುತ್ತಾರೆ. ಮುಚ್ಚಿಟ್ಟ ತಪ್ಪು ನನ್ನ ಹತ್ತಿರ ಬರುವುದು ಮಾರ್ಚ್ ಕೊನೆಗೆ, ಸ್ಟಾಕ್ ತಾಳೆ ಆಗದೆ ಇದ್ದಾಗ. ಆಗ ಯಾರ ಸಂಬಳದಲ್ಲಿ ಹಿಡೀತೀರಿ?

ಹದಡಿ ರೋಡ್ ಹುಡುಗ | 9:44

ಸರಿ ಅಕ್ಕ. ಆದರೂ ಏನಾದರೂ ಒಂದು ಭಯ ಬೇಕು.

ಹರಿಹರ ಫಿಟ್ಟರ್ | 10:20

ಭಯದ ಬಗ್ಗೆ ಒಂದು ಮಾತು. ಟೊಯೋಟ ಫ್ಯಾಕ್ಟರಿಗಳಲ್ಲಿ ಲೈನಿನ ಉದ್ದಕ್ಕೂ ಒಂದು ಹಗ್ಗ ಇರುತ್ತಿತ್ತು. ಏನಾದರೂ ಸರಿ ಇಲ್ಲ ಅನ್ನಿಸಿದರೆ ಯಾವ ಕೆಲಸಗಾರ ಬೇಕಾದರೂ ಎಳೆಯಬಹುದು. ಮೇಲಿನವನು ಓಡಿ ಬರುತ್ತಾನೆ. ಅಲ್ಲೇ ಸರಿಮಾಡಲು ಆಗದಿದ್ದರೆ ಲೈನೇ ನಿಲ್ಲುತ್ತದೆ. ಎಳೆದವನಿಗೆ ಬೈಗುಳ ಇಲ್ಲ. ನಾನು ಕೆಲಸಕ್ಕಿದ್ದ ಒಂದು ಕಡೆಯೂ ಹಂಗೇ ಕೆಂಪು ಬಟನ್ ಇಟ್ಟಿದ್ದರು. ಆದರೆ ಒತ್ತಿದವನಿಗೆ ಮಧ್ಯಾಹ್ನ ಮ್ಯಾನೇಜರ್ ರೂಮಿನಲ್ಲಿ ಅರ್ಚನೆ. ಎರಡು ವಾರದಲ್ಲಿ ಆ ಬಟನ್ ಮೇಲೆ ಧೂಳು ಕೂತಿತ್ತು. ಬಟನ್ ಇಟ್ಟ ಮಾತ್ರಕ್ಕೆ ಆಗುವುದಿಲ್ಲ.

ಚಳ್ಳಕೆರೆ ಎಣ್ಣೆ | 10:31

ಟೊಯೋಟ, ರೈಲ್ವೆ, ಆಸ್ಪತ್ರೆ... 10 ಜನರ ಅಂಗಡಿಗೆ ಎಷ್ಟು ಉಪದೇಶ ಸ್ವಾಮಿ!

ನಮ್ಮದು ಶೇಂಗಾ ಎಣ್ಣೆ ಗಾಣ. ಸೀಸನ್ನಿನಲ್ಲಿ ಬೆಳಿಗ್ಗೆ 6ಕ್ಕೇ ಗಾಡಿ ಸಾಲು ನಿಂತಿರುತ್ತವೆ. ಆಗ ಚೀಟಿ ಬರೆಯುತ್ತಾ, ತಿರುಗಿ ಓದುತ್ತಾ ಕೂತರೆ ಗಿರಾಕಿ ಪಕ್ಕದ ಮಿಲ್ಲಿಗೆ ಹೋಗುತ್ತಾನೆ. ನಾವು ಮಾಡಿದ್ದು ಒಂದೇ. ಗೋಡೆಗೆ ದೊಡ್ಡ ಕಪ್ಪು ಹಲಗೆ. ಬೆಳಿಗ್ಗೆ ಇವತ್ತು ಯಾರಿಗೆ, ಎಷ್ಟು ಡಬ್ಬ ಅಂತ ಬರೆಯುವುದು. ಹೋದ ಹಾಗೆ ಹೊಡೆದುಹಾಕುವುದು. ಬರೆಯುವ ಅಧಿಕಾರ ಒಬ್ಬನಿಗೇ, ಅಳಿಸುವ ಅಧಿಕಾರ ಇನ್ನೊಬ್ಬನಿಗೆ. ಓನರ್‌ಗೆ ಎರಡೂ ಇಲ್ಲ. ನಾನೇ ಓನರ್, ಅದಕ್ಕೇ ಹೇಳುತ್ತಿದ್ದೇನೆ.

ಗೇಟಿನ ತಾತ | 10:36

ಚಳ್ಳಕೆರೆಯವರೇ, ನಿಮ್ಮ ಹಲಗೆಯೂ ಟೋಕನ್ನೇ. ಬೈದುಕೊಂಡೇ ಅದನ್ನೇ ಮಾಡಿದ್ದೀರಿ.

ಚಳ್ಳಕೆರೆ ಎಣ್ಣೆ | 10:38

ಹೋಗ್ಲಿ ಬಿಡಿ ತಾತ, ಗೆದ್ದಿರಿ.

ಮಿಲ್ ಸೈರನ್ | 11:02

ಸ್ವಲ್ಪ ದಾರಿ ತಪ್ಪುತ್ತೇನೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ನಮ್ಮಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಮಗ್ಗದ ಸದ್ದಿಗೆ ಬಾಯಿ ಮಾತು ನಡೆಯುತ್ತಿರಲಿಲ್ಲ, ಎಲ್ಲ ಕೈಸನ್ನೆ. ದಾರ ಮುಗೀತು ಅನ್ನೋಕೆ ಒಂದು, ಮೇಸ್ತ್ರಿ ಬಂದ ಅನ್ನೋಕೆ ಒಂದು. ಮನೆಗೆ ಬಂದ ಮೇಲೂ ಅವ್ವನಿಗೆ ಕೈಯಲ್ಲೇ ನೀರು ಕೇಳೋರು. ಸನ್ನೆ ಮಾಡಿದರೆ ಎದುರಿನವನು ಅದೇ ಸನ್ನೆ ತಿರುಗಿಸಿ ಮಾಡಬೇಕಿತ್ತಂತೆ, ಆಗಲೇ ಅರ್ಥ ಆಯಿತು ಅಂತ. ನೀವೆಲ್ಲ ಬರೆದದ್ದು ಓದಿ ಅದು ನೆನಪಾಯಿತು.

ದುರ್ಗದ ಸಿಸ್ಟರ್ | 11:06

ಮೇಸ್ತ್ರಿ ಬಂದ ಅನ್ನೋ ಸನ್ನೆ ನಮಗೂ ಇದೆ. ಇಲ್ಲಿ ಹೇಳುವ ಹಾಗಿಲ್ಲ.

ಬೆಂಗಳೂರಿನಲ್ಲಿರೋ ದಾವಣಗೆರೆಯವ | ಬುಧವಾರ ಬೆಳಿಗ್ಗೆ 9:10

ಅಣ್ಣ, ಒಂದು ಪ್ರಶ್ನೆ. ಗ್ರೂಪಿನಲ್ಲಿ ಆರ್ಡರನ್ನು ಬರೆದು ಹಾಕ್ತೀರಾ, ವಾಯ್ಸ್ ಮೆಸೇಜಾ?

ಪೈಪಿನಂಗಡಿ | 9:32

ವಾಯ್ಸ್. ಈಗ ನೋಡಿದೆ. ಒಂದರಲ್ಲಿ 2 ನಿಮಿಷ 40 ಸೆಕೆಂಡು ಮಾತಾಡಿದ್ದೇನೆ. ನಾಲ್ಕು ಪಾರ್ಟಿಯ ಆರ್ಡರು, ನಡುವೆ ಒಂದು ಕಡೆ "ಅಲ್ಲ ಅಲ್ಲ, ಅದು ಮೂರಿಂಚು", ಕೊನೆಗೆ ಮನೆಗೆ ಹಾಲು ಕಳಿಸೋ ವಿಷಯ. ಎಲ್ಲರದೂ ನೀಲಿ ಟಿಕ್ ಬಿದ್ದಿದೆ. ನೀಲಿ ಟಿಕ್ ಬಿತ್ತು ಅಂದರೆ ಕೆಲಸ ಆಯಿತು ಅಂತ ಅಂದುಕೊಂಡಿದ್ದೆ.

ಹರಿಹರ ಫಿಟ್ಟರ್ | 9:40

ಹಾಲು ಸರಿಯಾಗಿ ತಲುಪಿತಾ?

ಪೈಪಿನಂಗಡಿ | 9:41

ತಲುಪಿತು. ಅದೊಂದೇ ತಲುಪಿದ್ದು.

ಟ್ಯಾಲಿ ಅಕ್ಕ | 9:50

ಇನ್ನೊಂದು. ನಿಮ್ಮ ಬಿಲ್ಲಿನಲ್ಲಿ 110 ಎಂಎಂ ಅಂತ ಬರುತ್ತೆ, ಬಾಯಲ್ಲಿ ನಾಲ್ಕಿಂಚು ಅಂತೀರಿ. 75 ಎಂಎಂ ಅಂದರೆ ಎರಡೂವರೆ, 90 ಅಂದರೆ ಮೂರು. ಅದೂ ಬಿಲ್ ಇಂಗ್ಲಿಷಿನಲ್ಲಿ. ಗೋಡೌನಿನವರು ಅದನ್ನು ಓದಿ ತಾಳೆ ನೋಡುತ್ತಾರಾ?

ಪೈಪಿನಂಗಡಿ | 9:58

ಇಬ್ಬರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಇದನ್ನು ಯಾವತ್ತೂ ಯೋಚಿಸಿರಲಿಲ್ಲ. ಎರಡು ವಾರ ಟೈಮ್ ಕೊಡಿ, ಏನೇನು ಮಾಡಿದೆ ಅಂತ ಬಂದು ಹೇಳುತ್ತೇನೆ.

ಮಂಡಿಪೇಟೆ ಮಾವ | 10:15

ಎರಡು ವಾರ ಆದಮೇಲೆ ಬರುತ್ತೇನೆ ಅಂದವರು ಈ ಗುಂಪಿನಲ್ಲಿ ಯಾರೂ ವಾಪಸ್ ಬಂದಿಲ್ಲ.

ಪೈಪಿನಂಗಡಿ | ಹದಿನೇಳು ದಿನದ ನಂತರ, ರಾತ್ರಿ 9:20

ಬಂದಿದ್ದೇನೆ ಮಾವ.

ಮೂರು ಕಾಪಿಯ ಚೀಟಿ ಪುಸ್ತಕ ಪ್ರಿಂಟ್ ಹಾಕಿಸಿದೆ, ಕನ್ನಡದಲ್ಲಿ. ಬಿಳಿ ಬಿಲ್ಲಿಂಗಿಗೆ, ಗುಲಾಬಿ ಗೋಡೌನಿಗೆ, ಹಳದಿ ಡ್ರೈವರಿಗೆ. ಅಂಕಿ ಒಂದು ಕಡೆ, ಅಕ್ಷರ ಒಂದು ಕಡೆ, ಎರಡೂ ಬರೆಯಬೇಕು. ಬರೆಯುವುದು ಕೌಂಟರಿನವನು ಮಾತ್ರ. ನಾನು ಗೋಡೌನಿಗೆ ನೇರ ಫೋನ್ ಮಾಡುವುದು ಬಂದ್. ಗೋಡೌನ್ ಗೋಡೆಗೆ ಇಂಚು, ಎಂಎಂ ಪಟ್ಟಿ ದೊಡ್ಡದಾಗಿ ಪೇಂಟ್ ಮಾಡಿಸಿದೆ. ಏರಿಸುವಾಗ "ಲಾಭ" ಅಂತ ಕೂಗಿ ಎಣಿಸುತ್ತಾರೆ. ಇದು ಅವರಿಗೆ ತುಂಬಾ ಇಷ್ಟವಾಗಿದೆ, ಬೇಕಂತಲೇ ಗಟ್ಟಿಯಾಗಿ ಕೂಗುತ್ತಾರೆ, ಪಕ್ಕದ ಮೆಡಿಕಲ್ ಸ್ಟೋರಿನವರು ಕಂಪ್ಲೇಂಟ್ ಮಾಡಿದ್ದಾರೆ.

ತಿರುಗಿ ಹೇಳುವುದು ಮೊದಲು ತಮಾಷೆ ಆಗಿತ್ತು. ನಾಲ್ಕು ದಿನ ಏನು ಹೇಳಿದರೂ ಗಿಳಿಪಾಠ ಒಪ್ಪಿಸಿ ನಗುತ್ತಿದ್ದರು. ಐದನೇ ದಿನ ಕೌಂಟರಿನವನು "ಅರವತ್ಮೂರು ಎಂಎಂ, ಎರಡಿಂಚು" ಅಂತ ತಿರುಗಿ ಹೇಳಿದಾಗ ಗಿರಾಕಿಯೇ "ಅಯ್ಯೋ, ಎರಡೂವರೆ ಹೇಳಬೇಕಿತ್ತು ನಾನು" ಅಂದರು. ಅವತ್ತಿನಿಂದ ನಗು ನಿಂತಿತು.

ಎಲ್ಲ ಸರಿ ಆಗಿಲ್ಲ. ಸೋಮವಾರ ರಶ್‌ನಲ್ಲಿ ನಾನೇ ಚೀಟಿ ಇಲ್ಲದೆ ಎರಡು ಗೇಟ್ ವಾಲ್ವ್ ಎತ್ತಿಕೊಂಡು ಹೋಗಿದ್ದೆ. ಗೋಡೌನ್ ಹುಡುಗ ಹಿಂದೆಯೇ ಬಂದು ಕೈ ಚಾಚಿ "ಅಣ್ಣ, ಗುಂಡು?" ಅಂದ. ತಾತನ ಕಥೆ ಅವನಿಗೆ ಹೇಳಿದ್ದೇ ನನ್ನ ತಪ್ಪು.

ಬಿಲ್ಲಿಂಗ್ ಹುಡುಗನದು ಒಂದಿದೆ. ಮೊನ್ನೆ ಒಂದು ಬಿಲ್ ತಡೆದು ಬಂದ. "ಅಣ್ಣ, ಇದು ಜಾಸ್ತಿ ಕಾಣುತ್ತೆ." ಅಂಗಡಿ ತುಂಬ ಜನ. ಆ ಆರ್ಡರು ಸರಿಯೇ ಇತ್ತು, ಆ ಪಾರ್ಟಿ ಹೊಸ ತೋಟ ಮಾಡುತ್ತಿದ್ದಾರೆ. ಬಾಯಿಗೆ ಬಂದಿತ್ತು ಬೈಗುಳ. ನುಂಗಿದೆ. "ಸರಿ ಇದೆ ಕಣೋ, ಕೇಳಿದ್ದು ಒಳ್ಳೆಯದಾಯ್ತು" ಅಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. ಅವನು ನಂಬಲಿಲ್ಲ, ಇನ್ನೆರಡು ಸಲ ನನ್ನ ಮುಖ ನೋಡಿ ಹೋದ.

ಹೊಲಿಗೆ ಮಷಿನ್ | 9:31

ಇನ್ನೂ ನಾಲ್ಕು ಸಲ ಕೇಳಲಿ, ಆಮೇಲೆ ನಂಬುತ್ತಾನೆ. ಮೂರನೇ ಸಲ ನೀವು ಬೈದರೆ ಮತ್ತೆ ಒಂದರಿಂದ ಶುರು.

ಹದಡಿ ರೋಡ್ ಹುಡುಗ | 9:35

ಒಂದರಿಂದ ಅಲ್ಲ, ಲಾಭದಿಂದ.

ಟ್ಯಾಲಿ ಅಕ್ಕ | 9:38

ಆ 50 ಲೆಂತ್ ಏನಾಯ್ತು? ಬಿಲ್ಲಿನಿಂದ ಅದರ ದುಡ್ಡು ಕಳೆದು ಕ್ರೆಡಿಟ್ ನೋಟ್ ಮಾಡಿದಿರಾ?

ಪೈಪಿನಂಗಡಿ | 9:42

ಮಾಡಿದೆ ಅಕ್ಕ. ಪಕ್ಕದ ಹೊಲದವರು ಬಂದು ನೋಡಿ, ಹೇಗೂ ಇಲ್ಲೇ ಬಿದ್ದಿದೆಯಲ್ಲ ಅಂತ 30 ತೆಗೆದುಕೊಂಡರು. ಅವರಿಗೆ ಬೇರೆ ಬಿಲ್. ಉಳಿದದ್ದು ಗೋಡೌನಿಗೆ ವಾಪಸ್ ಬಂತು.

ದುರ್ಗದ ಸಿಸ್ಟರ್ | 9:44

ವಾಪಸ್ ಬಂದಿದ್ದು ಎಷ್ಟು? ಇಪ್ಪತ್ತಾ, ಎಪ್ಪತ್ತಾ?

ಪೈಪಿನಂಗಡಿ | 9:45

ಎರಡು ಸೊನ್ನೆ ಸಿಸ್ಟರ್.